ಗಿರಣಿಯ ಬಾಯಿಗೆ ಹಚ್ಚಿದ ಕುಂಕುಮ

ಮೊನ್ನೆ ರಾಣೆಬೆನ್ನೂರಿನ ಒಂದು ಕಿರಾಣಿ ಅಂಗಡಿಯಲ್ಲಿ ನಿಂತಿದ್ದೆ. ಅಂಗಡಿಯವರು ನನ್ನ ಮುಖ ಬಿಟ್ಟು ತಲೆಯನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ಬೇಳೆ ತೂಗಿಸುತ್ತಿದ್ದ ಹೆಣ್ಣುಮಗಳೂ ಒಮ್ಮೆ ನೋಡಿ, ಆ ಕಡೆ ತಿರುಗಿ, ಮತ್ತೆ ನೋಡಿದಳು. ಕೊನೆಗೆ ಅಂಗಡಿಯವರೇ ಕೇಳಿದರು, "ಅಮ್ಮಾರ, ತಲಿಗೆ ಏನಾಗೇತ್ರಿ?"

ಕೈ ಎತ್ತಿ ಮುಟ್ಟಿ ನೋಡಿಕೊಂಡೆ. ಟೊಪ್ಪಿಗೆ. ಬೆಳಿಗ್ಗೆ ಬ್ಯಾಡಗಿಯ ನಮ್ಮ ಮನೆಯಲ್ಲಿ ಕೆಲಸಕ್ಕೆ ನಿಲ್ಲುವಾಗ ಹಾಕಿಕೊಂಡದ್ದನ್ನು ತೆಗೆಯಲು ಮರೆತು, ಅದರ ಮೇಲೆಯೇ ಸೆರಗು ಹೊದ್ದು, ಬಸ್ಸು ಹತ್ತಿ, ಕಂಡಕ್ಟರನ ಹತ್ತಿರ ಗತ್ತಿನಿಂದ ಆಧಾರ್ ಕಾರ್ಡು ತೋರಿಸಿ ಇಲ್ಲಿಯತನಕ ಬಂದುಬಿಟ್ಟಿದ್ದೆ. ದಾರಿಯಲ್ಲಿ ಸೆರಗು ಯಾವಾಗ ಜಾರಿತೋ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ನರ್ಸುಗಳ ತಲೆಯ ಮೇಲೆ ನೀವು ನೋಡಿರುತ್ತೀರಿ, ಬಿಳಿಯದು, ತೆಳ್ಳಗೆ, ಸುತ್ತಲೂ ನೆರಿಗೆ ಹಿಡಿದ ಇಲಾಸ್ಟಿಕ್ಕು. ನನ್ನ ತುರುಬಿನ ಮೇಲೆ ಅದು ಕೂತರೆ ಉಬ್ಬಿದ ಪೂರಿಯ ಹಾಗೆ ಕಾಣುತ್ತದೆ ಎಂದು ಮೊಮ್ಮಗಳು ನೇತ್ರಾ ಹೇಳುತ್ತಾಳೆ. ಹೇಳಲಿ. ಎಪ್ಪತ್ತು ದಾಟಿದ ಮೇಲೆ ಒಂದು ಹೊಸ ದಿರಿಸು ತೊಡುವ ಯೋಗ ಎಷ್ಟು ಜನಕ್ಕೆ ಬರುತ್ತದೆ?

ಅಂಗಡಿಯವರಿಗೆ ಏನು ಉತ್ತರ ಕೊಟ್ಟೆನೋ ಆಮೇಲೆ ಹೇಳುತ್ತೇನೆ. ಮೊದಲು ಈ ಟೊಪ್ಪಿಗೆ ನನ್ನ ತಲೆಗೆ ಹೇಗೆ ಏರಿತು ಎಂಬುದು ನಿಮಗೆ ತಿಳಿಯಬೇಕು.

ನಾನು ಕಲಿತದ್ದು ಮೂರನೆಯ ಇಯತ್ತೆ. ಅದೂ ಪೂರ್ತಿಯಲ್ಲ, ಮೆಣಸಿನಕಾಯಿ ಸುಗ್ಗಿ ಬಂದಾಗಲೆಲ್ಲ ಸಾಲೆ ತಪ್ಪುತ್ತಿತ್ತು. ಆದರೆ ಮೆಣಸಿನಕಾಯಿಯ ವಿಷಯದಲ್ಲಿ ನನಗೆ ಪಾಠ ಹೇಳುವವರು ಯಾರೂ ಇಲ್ಲ. ಕಡ್ಡಿ ತಳಿ ಯಾವುದು, ಡಬ್ಬಿ ತಳಿ ಯಾವುದು ಎಂದು ಕಣ್ಣು ಮುಚ್ಚಿ ಮುಟ್ಟಿ ಹೇಳುತ್ತೇನೆ. ಬಿಸಿಲಿಗೆ ಹಾಕಿದ ಕಾಯಿ ಒಣಗಿತೋ ಇಲ್ಲವೋ ಎಂದು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರೆ ಒಳಗಿನ ಬೀಜವೇ ಹೇಳುತ್ತದೆ. ಮದುವೆಯಾಗಿ ಬ್ಯಾಡಗಿಗೆ ಬಂದವಳು ಮೊದಲು ತೊಟ್ಟು ಮುರಿಯುವ ಕೂಲಿಗೆ ಹೋದೆ, ಆಮೇಲೆ ಮನೆಯಲ್ಲೇ ಮಸಾಲೆ ಖಾರ ಕುಟ್ಟುವುದಕ್ಕೆ ಶುರು ಮಾಡಿದೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಒಣಕೊಬ್ಬರಿ, ಕೊತ್ತಂಬರಿ ಕಾಳು ಎಲ್ಲ ಹುರಿದು ಖಾರಪುಡಿ, ಉಪ್ಪಿನ ಜೊತೆ ಕೂಡಿಸಿ ಕುಟ್ಟಿದರೆ ಮಸಾಲೆ ಖಾರ. ನಮ್ಮ ಓಣಿಯ ಮದುವೆ, ತೊಟ್ಟಿಲು, ಮನೆ ಒಕ್ಕಲು ಯಾವುದೂ ನನ್ನ ಖಾರವಿಲ್ಲದೆ ನಡೆದಿಲ್ಲ.

ಆಗ ಯಾವ ಕಾಗದವೂ ಇರಲಿಲ್ಲ. ಆದರೆ ತಪಾಸಣೆ ಇರಲಿಲ್ಲ ಎಂದುಕೊಳ್ಳಬೇಡಿ. ಗೋಡೆಯಾಚೆಯ ಶಾಂತವ್ವ ಇದ್ದಳಲ್ಲ. ಒಮ್ಮೆ ಉಪ್ಪು ಸ್ವಲ್ಪ ಹೆಚ್ಚಾಯಿತು. ಸಂಜೆಯೊಳಗೆ ಅವಳು ಪಲ್ಯದ ಬಟ್ಟಲು ಹಿಡಿದುಕೊಂಡು ಬಂದು ಅಂಗಳದಲ್ಲಿ ನಿಂತಳು.

"ನೀಲಕ್ಕಾ, ಇದು ಖಾರಾನೋ, ಉಪ್ಪಿನಕಾಯಿನೋ? ನಮ್ಮ ಮನಿಯವರು ಒಂದು ತಂಬಿಗಿ ನೀರು ಕುಡಿದು ಹಂಗ ಮಲಗ್ಯಾರ."

"ಮೆಲ್ಲಕ ಮಾತಾಡವ್ವಾ, ಓಣಿ ತುಂಬ ಕೇಳತೈತಿ."

"ಕೇಳಲಿ ಅಂತನ ಮಾತಾಡಾಕತ್ತೇನಿ."

ಮರುದಿನ ಅವಳಿಗೆ ಬೇರೆ ಖಾರ ಕೊಟ್ಟೆ. ಅಂದಿನಿಂದ ಇಂದಿನವರೆಗೆ ಉಪ್ಪು ಹಾಕುವಾಗ ನನಗೆ ಶಾಂತವ್ವನ ಬಟ್ಟಲು ಕಾಣುತ್ತದೆ.

ಹೀಗೆ ನಡೆದಿದ್ದ ಕಾಲಕ್ಕೆ, ಹಾವೇರಿಯಲ್ಲಿ ಡಿಗ್ರಿ ಮುಗಿಸಿ ಬಂದ ನೇತ್ರಾ ಒಂದು ದಿನ ಮೆಣಸಿನಕಾಯಿಯ ರಾಶಿಯ ಮುಂದೆ ನನ್ನ ಎದುರಿಗೆ ಕೂತು ತೊಟ್ಟು ಮುರಿಯುತ್ತ ಹೇಳಿದಳು, "ಅಜ್ಜಿ, ಹಿತ್ತಲದ ಶೆಡ್ಡಿನ್ಯಾಗ ಗಿರಣಿ ಹಾಕೋಣು. ನಿನ್ನ ಖಾರ ಪಾಕೀಟಿನ್ಯಾಗ ತುಂಬಿ ಹಾವೇರಿ, ರಾಣೆಬೆನ್ನೂರ ಅಂಗಡಿಗೆ ಕೊಡೋಣು. ಆದ್ರ ಮೊದಲ ಲೈಸನ್ಸ್ ತಗೋಬೇಕು."

"ಖಾರ ಕುಟ್ಟಾಕ ಲೈಸನ್ಸ್? ನನ್ನ ಕೈಗೆ ಇನ್ನೊಬ್ಬರ ಅಪ್ಪಣಿ ಯಾಕ ಬೇಕು?"

"ಶಾಂತಜ್ಜಿಗೆ ನಿನ್ನ ಕೈ ಗೊತ್ತೈತಿ. ರಾಣೆಬೆನ್ನೂರಾಗ ಪಾಕೀಟ ತಗೊಳ್ಳಾಕಿಗೆ ನಿನ್ನ ಮಾರಿ ಗೊತ್ತಿಲ್ಲ. ಉಪ್ಪು ಹೆಚ್ಚಾದ್ರ ಆಕಿ ಬಟ್ಟಲಾ ಹಿಡಕೊಂಡು ಯಾರ ಮನಿಗೆ ಹೋಗಬೇಕು?"

ನಾನು ಸುಮ್ಮನಾಗಲಿಲ್ಲ. ಸುಮ್ಮನಾಗುವ ಜಾತಿಯವಳಲ್ಲ. ಆದರೆ ಲೈಸನ್ಸ್ ಎಂಬ ಮಾತು ಕೇಳಿದರೆ ನನಗೇಕೆ ಮೈ ಉರಿಯುತ್ತದೆ ಎಂದರೆ, ಅದಕ್ಕೆ ನಮ್ಮ ಅಪ್ಪನ ಸೈಕಲ್ಲು ಕಾರಣ.

ನನ್ನ ತವರು ಮೋಟೆಬೆನ್ನೂರು. ಆಗೆಲ್ಲ ಸೈಕಲ್ಲಿಗೂ ಲೈಸನ್ಸ್ ಇತ್ತು. ವರ್ಷಕ್ಕೊಮ್ಮೆ ರೊಕ್ಕ ತುಂಬಿದರೆ ಒಂದು ಬಿಲ್ಲೆ ಕೊಡುತ್ತಿದ್ದರು, ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ತಿರುಗಬೇಕು. ಅಪ್ಪ ಕಟ್ಟಿದವನಲ್ಲ. ರೊಕ್ಕವಿರಲಿಲ್ಲ ಎಂದಲ್ಲ, ಹಟ. ನನ್ನನ್ನು ಹಿಂದೆ ಕ್ಯಾರಿಯರ್ ಮೇಲೆ ಕೂರಿಸಿಕೊಂಡು, ಹ್ಯಾಂಡಲ್ಲಿಗೆ ಮೆಣಸಿನಕಾಯಿಯ ಚೀಲ ತೂಗು ಹಾಕಿ ಬ್ಯಾಡಗಿಯ ಪೇಟೆಗೆ ಹೊರಡುತ್ತಿದ್ದ. ದೂರದಲ್ಲಿ ಬಿಲ್ಲೆ ತಪಾಸು ಮಾಡುವವರು ಕಂಡರೆ ಸಾಕು, ಇಳಿದುಬಿಡುತ್ತಿದ್ದ. ಚೀಲ ನನ್ನ ತಲೆಗೆ, ಸೈಕಲ್ಲು ಅವನ ಹೆಗಲಿಗೆ.

"ಇದ್ಯಾಕೋ ಮಾರಾಯಾ, ಸೈಕಲ್ ಹೊತ್ತಿ?" ಎಂದು ಅವರು ಕೇಳಿದರೆ, "ತುಳಿಯೋ ಸೈಕಲ್ಲಿಗೆ ಬಿಲ್ಲೆ ಬೇಕು ಅಂತ ಹೇಳೀರಿ. ಹೊರೋ ಸೈಕಲ್ಲಿಗೆ ಬೇಕಂತ ಎಲ್ಲಿ ಹೇಳೀರಿ?" ಎನ್ನುತ್ತಿದ್ದ. ಅವರು ನಗುತ್ತಿದ್ದರು, ಅಪ್ಪನೂ ನಗುತ್ತಿದ್ದ. ನನ್ನ ಕುತ್ತಿಗೆ ಮಾತ್ರ ಚೀಲದ ಭಾರಕ್ಕೆ ಒಳಗೆ ಹೋಗಿರುತ್ತಿತ್ತು. ಕಣ್ಣಿಗೆ ಕಾಣದಷ್ಟು ದೂರ ಹೋದ ಮೇಲೆಯೇ ಸೈಕಲ್ಲು ಕೆಳಗಿಳಿಯುತ್ತಿದ್ದದ್ದು. ಹೀಗಾಗಿ ಲೈಸನ್ಸ್ ಎಂದರೆ ಅದನ್ನು ಕೇಳುವವರು ಕಂಡ ಕೂಡಲೆ ತಪ್ಪಿಸಿಕೊಳ್ಳುವ ವಸ್ತು ಎಂದೇ ನನ್ನ ತಲೆಯಲ್ಲಿ ಕೂತಿತ್ತು. ಅಪ್ಪ ಜಾಣನೆಂದು ಊರಲ್ಲಿ ಹೇಳಿಕೊಂಡು ತಿರುಗಿದ್ದೂ ನಾನೇ.

ನೇತ್ರಾ ಈ ಕಥೆ ಕೇಳಿ ನಕ್ಕಳು. ಆಮೇಲೆ ಕಾಗದ ಜೋಡಿಸಲು ಹೊರಟಳು. ಶೆಡ್ಡಿನ ಜಾಗವನ್ನು ನಮ್ಮ ಯಜಮಾನರು ಇದ್ದಾಗಲೇ ನನ್ನ ಹೆಸರಿಗೆ ಮಾಡಿಸಿದ್ದರು. ಕರೆಂಟಿನ ಮೀಟರೂ ನನ್ನ ಹೆಸರಲ್ಲೇ. ಆದ್ದರಿಂದ ಪರವಾನಗಿಯೂ ನನ್ನ ಹೆಸರಿನಲ್ಲೇ ಆದರೆ ಸುಲಭ ಎಂದಳು. ಆ ಮಾತು ಕೇಳಿದ ಮೇಲೆ ನನ್ನ ಹಟ ಸ್ವಲ್ಪ ಸಡಿಲಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಲೈಸನ್ಸ್ ಎಂದರೆ ಒಂದೇ ಕಾಗದ ಎಂದುಕೊಂಡಿದ್ದೆ. ಅಲ್ಲ. ಪುರಸಭೆಯದು ಒಂದು, ಅದಕ್ಕೆ ಉದ್ದಿಮೆ ಪರವಾನಗಿ ಎನ್ನುತ್ತಾರೆ. ಈ ಜಾಗದಲ್ಲಿ ಈ ಉದ್ಯೋಗ ಮಾಡಿದರೆ ಓಣಿಯವರಿಗೆ ತೊಂದರೆಯಿಲ್ಲ ಎಂಬುದಕ್ಕೆ. ಜಾಗದ ಹಕ್ಕಿನ ಉತಾರ, ಕರ ತುಂಬಿದ ರಸೀದಿ, ಕರೆಂಟ್ ಬಿಲ್ಲು ಎಲ್ಲ ಕೊಡಬೇಕು. ಇನ್ನೊಂದು ಆಹಾರದ ಪರವಾನಗಿ. ಅದು ತಿನ್ನುವವರ ಹೊಟ್ಟೆಯ ಸಲುವಾಗಿ. ಅದಕ್ಕೆ ಬಾವಿಯ ನೀರು ಪರೀಕ್ಷೆ ಆಗಬೇಕು, ಕೆಲಸ ಮಾಡುವವರ ಆರೋಗ್ಯ ಪರೀಕ್ಷೆ ಆಗಬೇಕು. ಡಾಕ್ಟರು ನನ್ನ ಕಣ್ಣು ನೋಡಿದರು, ನಾಲಿಗೆ ನೋಡಿದರು, ಉಗುರನ್ನು ತಿರುಗಿಸಿ ತಿರುಗಿಸಿ ನೋಡಿದರು. ಲಗ್ನದ ಮೊದಲು ನಮ್ಮತ್ತೆಯೂ ಇಷ್ಟು ನೋಡಿರಲಿಲ್ಲ.

ಪುರಸಭೆಯಲ್ಲಿ ಕೇಳಿದ ಒಂದು ಪ್ರಶ್ನೆಗೆ ಮಾತ್ರ ಇಬ್ಬರೂ ಹೆದರಿದೆವು. ಖಾರ ಬೀಸಿದರೆ ಘಾಟು ಏಳುತ್ತದಲ್ಲ, ಅಕ್ಕಪಕ್ಕದವರ ಒಪ್ಪಿಗೆ ಇದೆಯೇ? ಪಕ್ಕದವರು ಎಂದರೆ ಶಾಂತವ್ವ. ಶೆಡ್ಡಿಗೆ ಗಾಳಿ ಎಳೆಯುವ ಫ್ಯಾನು ಕೂರಿಸಿ, ಮೇಲಕ್ಕೆ ಕೊಳವೆ ಏರಿಸಿ, ಆ ಮೇಲೆ ಕಾಗದ ಹಿಡಿದುಕೊಂಡು ಅವಳ ಮನೆಗೆ ಹೋದೆವು. ಅವಳು ಕನ್ನಡಕ ಹಾಕಿಕೊಂಡು ಕಾಗದವನ್ನು ಎರಡು ಸಲ ಓದಿದಳು.

"ಮೂವತ್ತು ವರ್ಷ ಸೀನೇನಿ. ಒಂದು ದಿನರೆ ನನ್ನ ಕೇಳೀಯೇನು ನೀಲಕ್ಕಾ? ಇವತ್ತು ಸರ್ಕಾರ ಹೇಳಿದ್ದಕ್ಕ ಕೇಳಾಕ ಬಂದಿ."

ಅವಳು ಹೇಳಿದ್ದು ಖರೆ. ಸಹಿ ಹಾಕಿಕೊಟ್ಟು, "ಫ್ಯಾನ್ ಹಚ್ಚದ ಬೀಸಿದ್ರ ನಾನ ಅರ್ಜಿ ಕೊಡತೇನಿ, ಹೇಳೇನಿ" ಎಂದಳು. ಅಂದು ಮನೆಗೆ ಬರುವಾಗ, ಈ ಕಾಗದ ಕೇಳುವುದರಲ್ಲಿ ಏನೋ ಅರ್ಥವಿದೆ ಎಂದು ಮೊದಲ ಸಲ ಅನ್ನಿಸಿತು. ಆದರೆ ನೇತ್ರಾಳಿಗೆ ಹೇಳಲಿಲ್ಲ. ಅಷ್ಟು ಬೇಗ ಸೋಲಬಾರದು.

ಇನ್ನು ಉಳಿದದ್ದು ಆಹಾರದವರ ತಪಾಸಣೆ. ಹೊಸ ಗಿರಣಿ ಬಂದು ಕೂತಿತ್ತು. ಗೋಡೆಗೆ ಸುಣ್ಣ, ಕಿಟಕಿಗೆ ಜಾಳಿಗೆ, ಕೈ ತೊಳೆಯಲು ನಳ, ತಲೆಗೆ ಈ ಟೊಪ್ಪಿಗೆ. ರಾಣೆಬೆನ್ನೂರಿನ ಅಂಗಡಿಯವರು ಲೈಸನ್ಸ್ ನಂಬರು ಇದ್ದರೆ ಮಾತ್ರ ಪಾಕೀಟು ಇಡುತ್ತೇವೆ ಎಂದಿದ್ದರು. ನೇತ್ರಾ ಪಾಕೀಟಿನ ಮೇಲೆ ನಂಬರಿಗೆಂದು ಒಂದು ಗೆರೆಯಷ್ಟು ಜಾಗ ಖಾಲಿ ಬಿಟ್ಟು, ಆ ಖಾಲಿ ಜಾಗವನ್ನು ದಿನಾಲು ನೋಡುತ್ತಿದ್ದಳು. ಹಾವೇರಿಯಲ್ಲಿ ಅವಳ ಗೆಳತಿಯರೆಲ್ಲ ಒಂದೊಂದು ಕೆಲಸಕ್ಕೆ ಸೇರಿಕೊಂಡಿದ್ದರು. ಇವಳೊಬ್ಬಳೇ ಅಜ್ಜಿಯ ಖಾರವನ್ನು ನಂಬಿ ಕೂತವಳು.

ತಪಾಸಣೆಗೆ ಸಾಹೇಬರು ಬರುವ ದಿನ ಅಮಾವಾಸ್ಯೆ ಬಿತ್ತು. ಬ್ಯಾಡಗಿಯಲ್ಲಿ ಅಮಾವಾಸ್ಯೆ ಎಂದರೆ ಏನೆಂದು ನಿಮಗೆ ಗೊತ್ತಲ್ಲ. ತಕ್ಕಡಿಗೆ ಪೂಜೆ, ತೂಕದ ಕಲ್ಲಿಗೆ ಪೂಜೆ, ಗಲ್ಲಾಪೆಟ್ಟಿಗೆಗೆ ಪೂಜೆ. ಹೊಟ್ಟೆ ಹೊರೆಯುವ ಯಾವ ಸಾಮಾನೂ ಆ ದಿನ ಬರಿ ಹಣೆಯಲ್ಲಿ ಇರುವುದಿಲ್ಲ. ನೇತ್ರಾ ನೀರಿನ ಪರೀಕ್ಷೆಯ ಕಾಗದ ತರಲು ಬೆಳಿಗ್ಗೆಯೇ ಹಾವೇರಿಗೆ ಹೋಗಿದ್ದಳು. ನಾನು ತಲೆಗೆ ನೀರು ಹಾಕಿಕೊಂಡು ಶೆಡ್ಡಿಗೆ ಹೋದೆ. ಹೊಸ ಗಿರಣಿ ಮಡಿಯಲ್ಲಿ ನಿಂತ ಮದುಮಗನ ಹಾಗೆ ಹೊಳೆಯುತ್ತಿತ್ತು. ಅದರ ಮೈತುಂಬ ವಿಭೂತಿ ಎಳೆದೆ, ಹೂ ಏರಿಸಿದೆ, ಕುಂಕುಮ ಹಚ್ಚಿದೆ. ಮೆಣಸಿನಕಾಯಿ ಸುರಿಯುವ ಬಾಯಿ ಇದೆಯಲ್ಲ, ಅದಕ್ಕೆ ಇನ್ನೂ ಒಂದು ಹಿಡಿ ಹೆಚ್ಚು. ಉಣ್ಣುವುದು ಅದೇ ತಾನೆ? ಆಮೇಲೆ ಒಂದು ಬೊಗಸೆ ಕಾಯಿ ಹಾಕಿ, ಬೋಣಿಗೆಂದು ಬೀಸಿ, ಬಟ್ಟಲಲ್ಲಿ ದೇವರ ಮುಂದೆ ಇಟ್ಟೆ.

ಬಂದವರು ಸಾಹೇಬರಲ್ಲ, ಮೇಡಮ್ಮು. ನೇತ್ರಾಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಶೆಡ್ಡಿನ ಹೊರಗೇ ಚಪ್ಪಲಿ ಬಿಟ್ಟರು, ಟೊಪ್ಪಿಗೆ ಹಾಕಿಕೊಂಡರು. ನನಗೆ ಹಿಡಿಸಿದರು. ಅಷ್ಟರಲ್ಲಿ ಹಾವೇರಿಯಿಂದ ಬಂದ ನೇತ್ರಾ ಗಿರಣಿಯನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. ಮೇಡಮ್ಮು ಗಿರಣಿಯ ಬಾಯಿಯೊಳಗೆ ಬಿಳಿ ಕಾಗದದಿಂದ ಒರೆಸಿ ನೋಡಿದರು. ಕಾಗದ ಕೆಂಪಗಾಯಿತು.

"ಇದೇನ್ರಿ ಅಮ್ಮಾರ?"

"ಕುಂಕುಮರಿ. ಇವತ್ತ ಅಮಾಸಿ."

"ಬಾಯಿಗೂ ಹಚ್ಚೀರಿ?"

"ಬಾಯಿಗೆ ಬಿಟ್ಟು ಇನ್ನ ಎಲ್ಲಿಗೆ ಹಚ್ಚತಾರ್ರಿ?"

ಅವರು ವಾದಕ್ಕೆ ಬರಲಿಲ್ಲ. ದೇವರ ಮುಂದಿನ ಬಟ್ಟಲನ್ನು ನೋಡಿ, ಅದು ಈ ಗಿರಣಿಯಲ್ಲೇ ಬೀಸಿದ್ದೇ ಎಂದು ಕೇಳಿ, ಒಂದು ಗಾಜಿನ ಗ್ಲಾಸಿನಲ್ಲಿ ನೀರು ತರಿಸಿದರು. ಬಟ್ಟಲಿನಿಂದ ಒಂದು ಚಿಟಿಕೆ ಪುಡಿ ಆ ನೀರಿನ ಮೇಲೆ ಉದುರಿಸಿದರು. ಬರೀ ಮೆಣಸಿನಕಾಯಿಯ ಪುಡಿಯಾದರೆ ಮೇಲೆ ತೇಲಿ, ಆಮೇಲೆ ನಿಧಾನವಾಗಿ ಇಳಿಯಬೇಕು. ನನ್ನ ಪುಡಿ ಇಳಿಯುವ ಮೊದಲೇ ಅದರ ಕೆಳಗಿನಿಂದ ಒಂದು ಕೆಂಪು ಎಳೆ ಹೊರಟಿತು. ಅದರ ಹಿಂದೆ ಇನ್ನೊಂದು. ದಾರ ಬಿಚ್ಚಿದ ಹಾಗೆ ಸರಸರನೆ ಗ್ಲಾಸಿನ ತಳಕ್ಕೆ ಇಳಿದವು.

ಬ್ಯಾಡಗಿಯ ಮೆಣಸಿನಕಾಯಿಗೆ ಹೆಸರು ಬಂದದ್ದೇ ಬಣ್ಣದಿಂದ. ಅದಕ್ಕೆ ಮತ್ತೆ ಬಣ್ಣ ಬೆರೆಸುವವರನ್ನು ನಾನು ಜನ್ಮವಿಡೀ ಬೈದುಕೊಂಡು ಬಂದವಳು. ಈಗ ನನ್ನ ಕೈಯ ಖಾರ ನನ್ನ ಕಣ್ಣೆದುರಿಗೇ ನೀರಿನಲ್ಲಿ ಬಣ್ಣ ಬಿಡುತ್ತಿತ್ತು. ನೇತ್ರಾ ಗ್ಲಾಸನ್ನು ನೋಡಲಿಲ್ಲ. ಗೋಡೆಯ ಹತ್ತಿರ ಜೋಡಿಸಿಟ್ಟ ಖಾಲಿ ಪಾಕೀಟುಗಳನ್ನು ನೋಡುತ್ತಿದ್ದಳು.

"ಹುಡುಗಿದು ಏನೂ ತಪ್ಪಿಲ್ಲರಿ," ಎಂದೆ. "ಹಚ್ಚಿದಾಕಿನೂ ನಾನ, ಬೀಸಿದಾಕಿನೂ ನಾನ. ಬರಕೊಳ್ಳೂದಿದ್ರ ನನ್ನ ಹೆಸರು ಬರಕೋರಿ."

"ನೀವು ಹೇಳಿದ್ದು ನಾನು ನಂಬತೇನ್ರಿ," ಎಂದರು ಮೇಡಮ್ಮು. "ಆದ್ರ ರಾಣೆಬೆನ್ನೂರಾಗ ಪಾಕೀಟ ಹರಿಯೋ ಹೆಣ್ಮಗಳಿಗೆ ಇದು ದೇವರ ಕುಂಕುಮ ಅಂತ ಯಾರು ಹೇಳಬೇಕು? ಆಕಿ ನೀರಾಗ ಹಾಕಿ ನೋಡಿದ್ರ ಆಕಿಗೆ ಕಾಣೂದು ಬಣ್ಣ. ಆಕಿ ಕೂಸಿನ ಹೊಟ್ಟಿಗೆ ಹೋಗೂದೂ ಬಣ್ಣ."

ಕೊರತೆ ಏನೆಂದು ಬರೆದರು. ಯಂತ್ರ ಪೂರ್ತಿ ಬಿಚ್ಚಿ ತೊಳೆಯಬೇಕು, ಬೀಸಿದ್ದನ್ನು ಚೆಲ್ಲಬೇಕು, ಆಮೇಲೆ ಮತ್ತೊಮ್ಮೆ ಬಂದು ನೋಡುತ್ತೇವೆ, ಆ ಸಲವೂ ಹೀಗೇ ಇದ್ದರೆ ಪರವಾನಗಿ ಆಗುವುದಿಲ್ಲ. ನಾನು ಸಹಿ ಹಾಕಿದೆ. ನನ್ನ ಸಹಿ ಮೊದಲೇ ನಿಧಾನ, ಅಂದು ಇನ್ನೂ ನಿಧಾನವಾಯಿತು.

ಅವರು ಹೋದ ಮೇಲೆ ನೇತ್ರಾ ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. ಕೊನೆಗೆ ನಾನೇ, "ಅನ್ನವ್ವಾ, ಏನರೆ ಒಂದು ಅನ್ನು" ಎಂದೆ.

"ಏನ ಅನ್ಲಿ ಅಜ್ಜಿ? ನಿನ್ನ ಖಾರಕ್ಕ ಬಣ್ಣ ಹಾಕಂಗಿಲ್ಲ ಅಂತ ಪಾಕೀಟಿನ ಮ್ಯಾಲ ಬರಸೇನಿ. ಅದನ್ನ ಓದಾಕತ್ತಿದ್ದೆ."

ಮರುದಿನ ಗಿರಣಿಯ ಒಂದೊಂದೇ ಭಾಗ ಬಿಚ್ಚಿ ಅಂಗಳದಲ್ಲಿ ಹರಡಿದೆವು. ಶಾಂತವ್ವ ಬ್ರಶ್ಶು ಹಿಡಿದುಕೊಂಡು ತಾನಾಗಿಯೇ ಬಂದು ಕೂತಳು. "ಖಾರ ಹೆಂಗ ಮಾಡಬೇಕಂತ ಊರಿಗೆಲ್ಲ ಹೇಳತಿದ್ದಿ. ಈಗ ತಿಕ್ಕು," ಎಂದಳು. ತಿಕ್ಕಿದೆ. ಅಪ್ಪ ಸೈಕಲ್ಲು ಹೊತ್ತ ಕಥೆಯನ್ನು ಇಷ್ಟು ವರ್ಷ ನಗುತ್ತ ಹೇಳುತ್ತಿದ್ದವಳಿಗೆ, ಆ ಅಂಗಳದಲ್ಲಿ ಕೂತಾಗ ಬೇರೆ ಒಂದು ವಿಷಯ ಹೊಳೆಯಿತು. ಅಪ್ಪ ಜಾಣನೇ ಸರಿ. ಆದರೆ ತಪ್ಪಿಸಿಕೊಳ್ಳುವ ಜಾಣತನಕ್ಕೆ ಭಾರ ಹೊತ್ತದ್ದು ಅವನ ಮಗಳ ಕುತ್ತಿಗೆ. ಇಲ್ಲಿ ಯಾರ ತಲೆಯ ಮೇಲೆ ಚೀಲ ಏರಿದೆ ಎಂದು ನೋಡಿದರೆ, ನೇತ್ರಾ ಜಾಳಿಗೆಯೊಳಗೆ ಸಿಕ್ಕಿದ ಕೆಂಪು ಕಣವನ್ನು ಪಿನ್ನಿನಿಂದ ಕೆದರಿ ತೆಗೆಯುತ್ತಿದ್ದಳು.

ಮೇಡಮ್ಮು ಎರಡನೆಯ ಸಲ ಬಂದಾಗ ಗಿರಣಿ ಬರಿ ಹಣೆಯಲ್ಲಿ ನಿಂತಿತ್ತು. ಬಿಳಿ ಕಾಗದ ಬಾಯೊಳಗೆ ಹೋಗಿ ಬಿಳಿಯಾಗಿಯೇ ಹೊರಗೆ ಬಂತು. ಅವರ ಎದುರಿಗೇ ಬೀಸಿದೆವು. ಗ್ಲಾಸು ಬಂತು, ನೀರು ಬಂತು, ಚಿಟಿಕೆ ಉದುರಿತು. ಪುಡಿ ಮೇಲೆ ತೇಲಿತು. ಪುಡಿ ನೆನೆದು, ಭಾರವಾಗಿ, ತನ್ನ ಪಾಡಿಗೆ ತಾನು ನಿಧಾನವಾಗಿ ಇಳಿಯಿತು, ಹಿಂದೆ ಯಾವ ಎಳೆಯನ್ನೂ ಬಿಡದೆ. ಅಷ್ಟು ಚೆಂದದ ನೋಟವನ್ನು ನಾನು ಬೇರೆ ಕಡೆ ನೋಡಿಲ್ಲ.

ಮೇಡಮ್ಮು ಸುತ್ತ ನೋಡಿ ಕೇಳಿದರು, "ಅಮ್ಮಾರ, ಈ ಸಲ ಪೂಜಿ ಬಿಟ್ಟೀರಿ ಏನ್ರಿ?"

"ಬಿಡತೇನೇನ್ರಿ? ಹೊರಗ ಹೊಸ್ತಿಲಕ್ಕ ಮಾಡೇನಿ. ದೇವರು ಅಲ್ಲಿಂದನ ನೋಡ್ತಾನ. ಅವನ ತಲಿಗೂ ಟೊಪ್ಪಿಗಿ ಇಲ್ಲ, ಒಳಗ ಬಿಡಾಕ ಬರಂಗಿಲ್ಲ."

ಅವರು ನಕ್ಕದ್ದನ್ನು ನೋಡಿ ನೇತ್ರಾಳೂ ನಕ್ಕಳು. ಎಷ್ಟೋ ದಿನಗಳ ಮೇಲೆ.

ಪರವಾನಗಿ ಮೊದಲು ಬಂದದ್ದು ಅವಳ ಫೋನಿಗೆ. ಅಂದೇ ಕಾಗದಕ್ಕೆ ಇಳಿಸಿ, ಗಾಜಿನ ಕಟ್ಟು ಹಾಕಿಸಿ ತಂದಳು. ಉದ್ದಿಮೆಯ ಹೆಸರು, ಜಾಗದ ಹೆಸರು, ಆಮೇಲೆ ನನ್ನ ಹೆಸರು. ನೀಲವ್ವ ಎಂಬ ಹೆಸರು ಇಂಗ್ಲಿಷಿನಲ್ಲಿ ಅಷ್ಟು ಉದ್ದವಿದೆ ಎಂದು ನನಗೆ ಗೊತ್ತಿರಲಿಲ್ಲ. ಅದರ ಜೊತೆ ಹದಿನಾಲ್ಕು ಅಂಕಿಯ ಒಂದು ನಂಬರು. ಇಂಗ್ಲಿಷ್ ಬಾರದಿದ್ದರೇನು, ಮೂರನೆಯ ಇಯತ್ತೆಯವಳಿಗೆ ಅಂಕಿ ಬರುತ್ತದೆ. ಎರಡು ದಿನದಲ್ಲಿ ಬಾಯಿಪಾಠ ಮಾಡಿದೆ. ಈಗ ಬೆಳಿಗ್ಗೆ ದೇವರ ಮುಂದೆ ನಿಂತಾಗ ನಡುನಡುವೆ ಅದೇ ಬಾಯಿಗೆ ಬರುತ್ತದೆ. ದೇವರು ತಪ್ಪು ತಿಳಿದಿರಲಾರ. ಕಟ್ಟಿನ ಗಾಜಿಗೆ ಅಮಾವಾಸ್ಯೆಗೊಮ್ಮೆ ಕುಂಕುಮ ಹಚ್ಚುತ್ತೇನೆ, ಗಾಜಿನ ಹೊರಗೆ, ಹಚ್ಚಿ ಕೈ ತೊಳೆದುಕೊಂಡು. ಅವಧಿ ಮುಗಿಯುವ ಮೊದಲು ಮತ್ತೆ ಮಾಡಿಸಬೇಕಂತೆ. ಮಾಡಿಸೋಣ. ನನ್ನ ಅವಧಿಯೂ ಜೊತೆಗೇ ಮುಂದಕ್ಕೆ ಹೋಗುತ್ತದೆ ಎಂದು ಶಾಂತವ್ವನಿಗೆ ಹೇಳಿದ್ದೇನೆ.

ಮೊನ್ನೆ ರಾಣೆಬೆನ್ನೂರಿಗೆ ಹೋದದ್ದು ಬೇರೆ ಯಾವ ಕೆಲಸಕ್ಕೂ ಅಲ್ಲ. ನಮ್ಮ ಪಾಕೀಟು ಅಂಗಡಿಯಲ್ಲಿ ಹೇಗೆ ಕೂತಿದೆ ಎಂದು ನೋಡಲು. ನೇತ್ರಾಳಿಗೂ ಹೇಳಿರಲಿಲ್ಲ. ಸಾಲಿನಲ್ಲಿ ಕೂತಿತ್ತು, ಅರಿಸಿನ ಪುಡಿಯ ಪಕ್ಕ. ಕೈಗೆ ತೆಗೆದುಕೊಂಡು, ಹಿಂದೆ ತಿರುಗಿಸಿ, ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಓದಿದೆ. ಹದಿನಾಲ್ಕೂ ಸರಿಯಿದ್ದವು. ಆಗಲೇ ಅಂಗಡಿಯವರು ತಲೆಗೆ ಏನಾಗಿದೆ ಎಂದು ಕೇಳಿದ್ದು.

"ಲೈಸನ್ಸ್ ಆಗೇತ್ರಿ," ಎಂದೆ.

ಅವರಿಗೆ ಏನು ತಿಳಿಯಿತೋ ಏನೋ, ತಲೆಯಾಡಿಸಿದರು. ಬೇಳೆ ತೂಗಿಸುತ್ತಿದ್ದ ಹೆಣ್ಣುಮಗಳು ನನ್ನ ಕೈಯಲ್ಲಿದ್ದ ಪಾಕೀಟು ನೋಡಿ, "ಚಲೋ ಐತೇನ್ರಿ ಈ ಖಾರ?" ಎಂದಳು.

ನಾನೇ ಮಾಡಿದ್ದು ಎಂಬ ಮಾತು ಗಂಟಲವರೆಗೆ ಬಂದಿತ್ತು. ಆದರೆ ಅವಳಿಗೆ ನನ್ನ ಗುರುತಿಲ್ಲ, ನನಗೆ ಅವಳ ಗುರುತಿಲ್ಲ. ನನ್ನ ಮಾತನ್ನು ಅವಳು ಯಾಕೆ ನಂಬಬೇಕು? ಪಾಕೀಟಿನ ಹಿಂದಿನ ನಂಬರು, ಅದರ ಕೆಳಗಿನ ನಮ್ಮ ಓಣಿಯ ವಿಳಾಸ ತೋರಿಸಿದೆ.

"ಚಲೋ ಐತೋ ಇಲ್ಲೋ ನೀನ ನೋಡವ್ವಾ. ನೀರಾಗ ಹಾಕಿ ನೋಡು, ಪಲ್ಯಾದಾಗ ಹಾಕಿ ನೋಡು. ಉಪ್ಪು ಹೆಚ್ಚಾಗಿದ್ರ ಬಟ್ಟಲಾ ಹಿಡಕೊಂಡು ಈ ವಿಳಾಸಕ್ಕ ಬಾ. ಬೈಸಿಕೊಳ್ಳಾಕಿ ಮನ್ಯಾಗ ಇರತಾಳ."

ಅವಳು ಒಂದು ಪಾಕೀಟು ಚೀಲಕ್ಕೆ ಹಾಕಿಕೊಂಡಳು. ಬರುವಾಗ ಬಸ್ಸು ಮೋಟೆಬೆನ್ನೂರು ದಾಟಿತು, ಅಪ್ಪ ಸೈಕಲ್ಲು ಹೆಗಲಿಗೇರಿಸುತ್ತಿದ್ದ ದಾರಿಯ ತಿರುವೂ ದಾಟಿತು. ನಾನು ಕಿಟಕಿಯ ಪಕ್ಕ ಕೂತಿದ್ದೆ. ಟೊಪ್ಪಿಗೆಯನ್ನು ತೆಗೆದಿರಲಿಲ್ಲ, ಸೆರಗನ್ನೂ ಹೊದ್ದಿರಲಿಲ್ಲ.